ಬಣ್ಣ ಹಚ್ಚುವ ಮೊದಲು ಕಪ್ಪು ಬಳಿದು ನೋಡಿ

ಚಿತ್ರ ಕಲಿಯಲು ಬರುವ ಹುಡುಗರು ಈಗೀಗ ಮೊಬೈಲ್ ತೆರೆದು ಯಾವುದೋ ಗೇಮ್‌ನ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ‘ಸರ್, ನಂಗೆ ಈ ಥರ ಬರೀಬೇಕು’ ಅನ್ನುತ್ತಾರೆ. ನನಗೆ ಖುಷಿಯಾಗುತ್ತದೆ. ಏನೋ ಒಂದು ಮನಸ್ಸಿಗೆ ಹಿಡಿಸಿದರೆ ತಾನೇ ಕೈ ಪೆನ್ಸಿಲ್ ಹುಡುಕುವುದು? ಆದರೆ ಮುಂದಿನ ವಾರ ಅವರು ಬರೆದು ತರುವುದರಲ್ಲಿ ಗೇಮ್‌ನ ದಪ್ಪ ಗೆರೆ, ಹೊಳೆಯುವ ಬಣ್ಣ ಮಾತ್ರ ಇರುತ್ತದೆ. ಚಿತ್ರ ನಿಂತಿರುವುದಿಲ್ಲ. ಆಗ ನಾನು ಕೇಳುತ್ತೇನೆ: ಆ ಗೇಮ್ ಮಾಡಿದವರು ಯಾಕೆ ಹೀಗೆ ಬರೆದರು?

2007ರಲ್ಲಿ ವಾಲ್ವ್ ಕಂಪನಿ ಹೊರತಂದ ‘ಟೀಮ್ ಫೋರ್ಟ್ರೆಸ್ 2’ ನೋಡಿ. ಓಡುತ್ತಾ ಗುಂಡು ಹಾರಿಸುವ ಆಟ. ದೂರದಲ್ಲಿ ಬರುತ್ತಿರುವವನು ಯಾರು, ಯಾವ ತಂಡ, ಕೈಯಲ್ಲಿ ಏನಿದೆ, ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗಬೇಕು. ಅದಕ್ಕೇ ಅಲ್ಲಿನ 9 ಪಾತ್ರಗಳ ಆಕಾರವೂ ಬೇರೆ ಬೇರೆ. ‘ಹೆವಿ’ ಅನ್ನುವ ಪಾತ್ರ ಗೋಡೆಯ ಹಾಗೆ ಅಗಲ, ‘ಸ್ಕೌಟ್’ ಅನ್ನುವವನು ಕಡ್ಡಿಯ ಹಾಗೆ ಸಣಕಲು. ಪೂರ್ತಿ ಕಪ್ಪು ಬಳಿದರೂ ಯಾರು ಅಂತ ಹೇಳಬಹುದು. ಬಟ್ಟೆಯ ಬಣ್ಣ ಕಾಲಿನ ಕಡೆ ಗಾಢ, ಎದೆಯ ಕಡೆ ತಿಳಿ. ಹಾಗಾಗಿ ಕಣ್ಣು ತಾನಾಗಿ ಮೇಲೆ, ಆಯುಧದತ್ತ ಹೋಗುತ್ತದೆ. ನೆರಳಿಗೆ ಕಪ್ಪು ಬಳಸಿಲ್ಲ, ನೀಲಿಯಂಥ ತಂಪು ಬಣ್ಣ ಕೊಟ್ಟಿದ್ದಾರೆ. ಮೈಯಂಚಿನಲ್ಲಿ ಬೆಳಕಿನ ಸಣ್ಣ ಗೆರೆ.

ಇದೆಲ್ಲ ಅವರ ಸ್ವಂತದ್ದಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಪತ್ರಿಕೆಗಳಿಗೆ ಮುಖಪುಟ ಬರೆಯುತ್ತಿದ್ದ ಜೆ.ಸಿ. ಲೈಯೆಂಡೆಕರ್ ಅವರ ಚಿತ್ರಗಳನ್ನು ಮುಂದಿಟ್ಟುಕೊಂಡು ಕಲಿತದ್ದು. ಯೋಚಿಸಿದರೆ ಇಬ್ಬರ ಕಷ್ಟವೂ ಒಂದೇ ಅಲ್ವಾ? ಮುಖಪುಟವೂ ಅಂಗಡಿಯ ಮುಂದೆ ಹಾದುಹೋಗುವವರನ್ನು ದೂರದಿಂದಲೇ ಹಿಡಿದು ನಿಲ್ಲಿಸಬೇಕು. ಈ ಗೇಮ್ ಇಷ್ಟಪಡುವವರಿಗೆ ನಾನು ಲೈಯೆಂಡೆಕರ್ ಬಟ್ಟೆಯ ಮಡಿಕೆಗಳನ್ನು ಬರೆದ ರೀತಿಯನ್ನೇ ಒಂದು ತಿಂಗಳು ನೋಡಿಸುತ್ತೇನೆ.

‘ಓಕಾಮಿ’ ಕಥೆ ಇನ್ನೂ ಚೆನ್ನಾಗಿದೆ. 2006ರ ಈ ಜಪಾನಿ ಗೇಮ್ ಮೊದಲು ನೈಜ ಶೈಲಿಯಲ್ಲೇ ಶುರುವಾಗಿತ್ತು. ಆ ಭಾರವನ್ನು ಗೇಮ್ ಆಡಿಸುವ ಯಂತ್ರ ಪ್ಲೇಸ್ಟೇಷನ್ 2 ಹೊರಲಿಲ್ಲ. ಆಗ ತಂಡ ತಮ್ಮ ನಾಡಿನ ಮಸಿ-ಕುಂಚದ ಚಿತ್ರಕಲೆಯತ್ತ ತಿರುಗಿತು. ಕೊನೆಗೆ ಆಡುವವರೇ ಪರದೆಯ ಮೇಲೆ ಕುಂಚ ಎಳೆಯುವ ಆಟವಾಯಿತು. ಇದು ಇಷ್ಟವಾದರೆ ಸುಮ್ನೆ ಡಿಜಿಟಲ್ ಬ್ರಷ್ ಡೌನ್‌ಲೋಡ್ ಮಾಡುತ್ತಾ ಕೂರಬೇಡಿ. ನಿಜವಾದ ಕುಂಚ, ಒಂದು ಶಾಯಿ ಬಾಟಲಿ, ಹಳೇ ಪೇಪರ್ ತನ್ನಿ. ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪವಾಗುತ್ತದೆ ಅನ್ನುವುದು ಮಣಿಕಟ್ಟಿಗೆ ಗೊತ್ತಾಗಬೇಕು.

ನನ್ನ ತರಗತಿಯಲ್ಲಿ ಬಣ್ಣ ಕೊನೆಗೆ. ಮೊದಲು ಬೆಂಕಿಪೊಟ್ಟಣದಷ್ಟು ಸಣ್ಣ ಚೌಕದಲ್ಲಿ ಬರೀ ಕಪ್ಪು ಆಕಾರ. ಹತ್ತು ಬರೆಯಿರಿ, ಯಾವುದು ಅಂತ ಪಕ್ಕದವರಿಗೆ ಗೊತ್ತಾಗುವ ಒಂದನ್ನು ಉಳಿಸಿಕೊಳ್ಳಿ. ಆಮೇಲೆ ಅದಕ್ಕೆ ಮೂರೇ ಛಾಯೆ. ಇಲ್ಲಿ ನಿಲ್ಲದ ಚಿತ್ರವನ್ನು ಬಣ್ಣ ಎತ್ತಿ ನಿಲ್ಲಿಸುವುದಿಲ್ಲ.

ಒಬ್ಬ ಹುಡುಗಿಗೆ ‘ರಾಜಿ’ ಅಂದರೆ ಪ್ರಾಣ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ಗೇಮ್ ಅದು. ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಚಿತ್ರಗಳ ಪ್ರಭಾವ ಇದೆ, ಕಥೆ ಹೇಳುವ ಭಾಗಗಳು ನೆರಳು ಬೊಂಬೆಯಾಟದ ಹಾಗಿವೆ. ನಮ್ಮ ತೊಗಲು ಬೊಂಬೆಗಳನ್ನು ಹತ್ತಿರದಿಂದ ನೋಡಿ ಬಾ ಅಂದೆ. ಅವಳು ನೋಡಿ ಬಂದು ಹೇಳಿದ್ದು ಬೊಂಬೆಯ ತೂತುಗಳ ಬಗ್ಗೆ. ಒಡವೆಯನ್ನು ಗೆರೆ ಎಳೆದು ಬರೆದಿಲ್ಲ ಸರ್, ಚರ್ಮಕ್ಕೆ ತೂತು ಮಾಡಿದ್ದಾರೆ, ಬೆಳಕೇ ಒಡವೆ ಬರೆಯುತ್ತೆ ಅಂದಳು.

ಆಮೇಲೆ ಅವಳು ತನ್ನ ಅಜ್ಜಿಯನ್ನು ಬರೆದಳು. ಈಳಿಗೆ ಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿರುವ ಅಜ್ಜಿ, ಒಂದು ಪಕ್ಕದಿಂದ. ಸೀರೆಯ ಕೆಳಗೆಲ್ಲ ಗಾಢ, ಬೆಳಕು ಕೈ ಬೆರಳುಗಳ ಮೇಲೆ. ಮೂಗುಬೊಟ್ಟಿನ ಜಾಗದಲ್ಲಿ ಬಣ್ಣವಿಲ್ಲ, ಪೇಪರಿನ ಬಿಳಿಯನ್ನೇ ಬಿಟ್ಟಿದ್ದಳು. ಅದರ ಮೊದಲ ಕಪ್ಪು ಚೌಕ ಇನ್ನೂ ನನ್ನ ಹತ್ತಿರ ಇದೆ. ಬಾಗಿದ ಬೆನ್ನು, ಸಣ್ಣ ತುರುಬು, ಅಷ್ಟೇ. ಅವಳ ತಮ್ಮ ಅದನ್ನು ನೋಡಿ ‘ಅಜ್ಜಿ!’ ಅಂದನಂತೆ.