ಎರಡು ಸಹಿ, ಒಂದು ಜೆರಾಕ್ಸ್: ಸಲೋಂಗಾ ಆರಂಭಿಸಿದ ಲೆಕ್ಕ ಇನ್ನೂ ಮುಗಿದಿಲ್ಲ

ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿಯಾಗಿದ್ದ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಕುಟುಂಬದ ಅಕ್ರಮ ಆಸ್ತಿ ಪ್ರಕರಣಗಳಲ್ಲಿ ಒಂದು ಕೇಸು ಸರ್ಕಾರದ ಪರ ಆದರೆ ಇನ್ನೊಂದು ವಜಾ ಆಗುತ್ತದೆ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಹೊವಿಟೊ ಸಲೋಂಗಾ ಎಂಬ ವಕೀಲರಿಂದಲೇ ಶುರು ಮಾಡಬೇಕು.

1920ರಲ್ಲಿ ಪಾಸಿಗ್‌ನಲ್ಲಿ ಹುಟ್ಟಿದ ಸಲೋಂಗಾ, 1944ರ ವಕೀಲಿ ಪರೀಕ್ಷೆಯಲ್ಲಿ ಹೋಸೆ ಡಿಯೋಕ್ನೊ ಜೊತೆ ಶೇ 95.3 ಅಂಕ ಪಡೆದು ಮೊದಲ ಸ್ಥಾನ ಹಂಚಿಕೊಂಡರು. ಹಾರ್ವರ್ಡ್, ಯೇಲ್‌ನಲ್ಲಿ ಓದಿ, ಕಾನೂನು ಪಾಠ ಹೇಳಿ, 1961ರಲ್ಲಿ ಸಂಸತ್ತಿನ ಕೆಳಮನೆ, 1965ರಲ್ಲಿ ಮೇಲ್ಮನೆಯಾದ ಸೆನೆಟ್ ಸೇರಿದರು. 1971ರ ಆಗಸ್ಟ್ 21ರಂದು ಮನಿಲಾದ ಪ್ಲಾಜಾ ಮಿರಾಂಡಾದಲ್ಲಿ ಅವರ ಪಕ್ಷದ ಸಭೆಗೆ ಗ್ರೆನೇಡ್ ಬಿತ್ತು. ಒಂದು ಕಣ್ಣಿನ ದೃಷ್ಟಿ, ಒಂದು ಕಿವಿ ಹೋಯಿತು. ಲೋಹದ ಚೂರುಗಳು ಕೊನೆಯತನಕ ದೇಹದಲ್ಲೇ ಉಳಿದವು. ಆಮೇಲೆ ಮಾರ್ಕೋಸ್ ಹೇರಿದ ಮಾರ್ಷಲ್ ಲಾ (ಸೇನಾಡಳಿತ), ಬಂಧನ, ಅಮೆರಿಕವಾಸ.

ಮಾರ್ಕೋಸ್ 1986ರ ಫೆಬ್ರುವರಿ 25ರಂದು ಪಲಾಯನ ಮಾಡಿದ ಮೂರೇ ದಿನಕ್ಕೆ, ಹೊಸ ಅಧ್ಯಕ್ಷೆ ಕೊರಾಜಾನ್ ಅಕ್ವಿನೊ ತಮ್ಮ ಮೊದಲ ಕಾರ್ಯಾದೇಶದಿಂದಲೇ ಆಸ್ತಿ ವಸೂಲಿ ಆಯೋಗ ರಚಿಸಿದರು. ಅದರ ಮೊದಲ ಮುಖ್ಯಸ್ಥ ಸಲೋಂಗಾ. ಅಧ್ಯಕ್ಷರ ನಿವಾಸವಾದ ಮಲಕನ್ಯಾಂಗ್ ಅರಮನೆಯಲ್ಲಿ ಮಾರ್ಕೋಸ್ ಬಿಟ್ಟುಹೋಗಿದ್ದ ಕಾಗದಗಳೇ ಅವರಿಗೆ ಸಿಕ್ಕ ದಾರಿ. 1968ರ ಮಾರ್ಚ್‌ನಲ್ಲಿ ಕ್ರೆಡಿಟ್ ಸ್ವಿಸ್‌ನಲ್ಲಿ ತೆರೆದ ನಾಲ್ಕು ಖಾತೆಗಳ ಹೆಸರು 'ವಿಲಿಯಂ ಸಾಂಡರ್ಸ್' ಮತ್ತು 'ಜೇನ್ ರಯಾನ್', ಮೊತ್ತ 9.5 ಲಕ್ಷ ಡಾಲರ್. ಇವು ಮಾರ್ಕೋಸ್ ಮತ್ತು ಪತ್ನಿ ಇಮೆಲ್ಡಾ ಇಟ್ಟುಕೊಂಡ ಸುಳ್ಳು ಹೆಸರುಗಳು. ಬ್ಯಾಂಕಿನ ಅರ್ಜಿಯಲ್ಲಿ ಸುಳ್ಳು ಹೆಸರಿನ ಸಹಿಯ ಜೊತೆಗೇ ಅಸಲಿ ಸಹಿಯೂ ಇತ್ತು. ಆ ಒಂದು ಹಾಳೆ ನೂರು ಸಾಕ್ಷಿಗಳಿಗೆ ಸಮ. ಮುಂದೆ ಹಣ ಪ್ರತಿಷ್ಠಾನಗಳ ಹೆಸರಿಗೆ ಜಿಗಿಯುತ್ತಾ ಹೋಗಿತ್ತು. 1986ರ ಮಾರ್ಚ್‌ನಲ್ಲಿ ಸ್ವಿಸ್ ಸರ್ಕಾರ ಖಾತೆಗಳನ್ನು ಸ್ತಂಭನಗೊಳಿಸಿತು.

ದೇಶದೊಳಗಿನ ಆಸ್ತಿಯದು ಬೇರೆ ಕಥೆ. ಆಯೋಗದ ನಿಯಮದ ಪ್ರಕಾರ ಜಪ್ತಿ ಆದೇಶಕ್ಕೆ ಕನಿಷ್ಠ ಇಬ್ಬರು ಆಯುಕ್ತರ ಒಪ್ಪಿಗೆ ಬೇಕು. ಜಪ್ತಿ ಎಂದರೆ ಮಾಲೀಕತ್ವ ಬದಲಾವಣೆಯಲ್ಲ, ತೀರ್ಪು ಬರುವವರೆಗೆ ಆಸ್ತಿ ಕರಗದಂತೆ ಕಾಯುವುದು ಮಾತ್ರ. ಆತುರದಲ್ಲಿ ಕೆಲವು ಆದೇಶಗಳಿಗೆ ಆಯುಕ್ತರ ಬದಲು ಕೆಳಗಿನ ವಕೀಲರೇ ಸಹಿ ಹಾಕಿದ್ದರು. ವರ್ಷಗಳ ನಂತರ ಅಂಥವು ಕೋರ್ಟಿನಲ್ಲಿ ಬಿದ್ದುಹೋದವು. 1987ರ ಫೆಬ್ರುವರಿ 2ರಂದು ಅಂಗೀಕಾರವಾದ ಹೊಸ ಸಂವಿಧಾನ ಇನ್ನೊಂದು ಗಡುವು ಹಾಕಿತು. ಅದಾಗಲೇ ಹೊರಟಿದ್ದ ಆದೇಶಗಳಿಗೆ ಆರು ತಿಂಗಳೊಳಗೆ ದಾವೆ ಹೂಡಬೇಕು, ಇಲ್ಲವಾದರೆ ಜಪ್ತಿ ತಾನಾಗಿಯೇ ತೆರವು. ಹೀಗಾಗಿ ಜುಲೈನಲ್ಲಿ ದಾವೆಗಳ ರಾಶಿಯೇ ಸಂದಿಗನ್‌ಬಾಯನ್ ಎಂಬ ಭ್ರಷ್ಟಾಚಾರ ವಿರೋಧಿ ನ್ಯಾಯಾಲಯಕ್ಕೆ ಬಿತ್ತು.

ಅಷ್ಟರಲ್ಲಿ ಸಲೋಂಗಾ ಆಯೋಗ ಬಿಟ್ಟು ಮೇ ಚುನಾವಣೆಗೆ ನಿಂತು, ದೇಶದಲ್ಲೇ ಅತಿ ಹೆಚ್ಚು ಮತ ಪಡೆದು ಸೆನೆಟ್ ಅಧ್ಯಕ್ಷರಾಗಿದ್ದರು. ಕಾಗದ ಕಲೆಹಾಕಿದವರೇ ಕೋರ್ಟಿನಲ್ಲಿ ನಿಂತಿದ್ದರೆ ಎಂಬ ಪ್ರಶ್ನೆ ಏಳದೆ ಇರದು. ಆದರೆ ಸೆನೆಟ್‌ನಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಸರ್ಕಾರಿ ನೌಕರರು ಆಸ್ತಿ ವಿವರ ಸಲ್ಲಿಸುವುದನ್ನು ಬಿಗಿಗೊಳಿಸಿದ 1989ರ ಕಾನೂನು ಮತ್ತು ಭಾರೀ ಲೂಟಿಯನ್ನೇ ಪ್ರತ್ಯೇಕ ಅಪರಾಧವಾಗಿಸಿದ 1991ರ ಕಾನೂನು ಅವರ ಶ್ರಮದ ಫಲ. 1991ರ ಸೆಪ್ಟೆಂಬರ್ 16ರಂದು ಅಮೆರಿಕದ ಸೇನಾನೆಲೆ ಒಪ್ಪಂದ 12–11ರಲ್ಲಿ ತಿರಸ್ಕೃತವಾದಾಗ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಮರುವರ್ಷ ರಾಷ್ಟ್ರಾಧ್ಯಕ್ಷ ಚುನಾವಣೆಯಲ್ಲಿ ಸೋತರು.

ಸ್ವಿಸ್ ಹಣದ ತೀರ್ಪು ಬಂದದ್ದು 2003ರ ಜುಲೈ 15ಕ್ಕೆ. ಸುಪ್ರೀಂ ಕೋರ್ಟಿನ ಲೆಕ್ಕ ಸರಳ: ಎರಡು ದಶಕದಲ್ಲಿ ದಂಪತಿಯ ನ್ಯಾಯಯುತ ಸಂಬಳ ಒಟ್ಟು 3,04,372 ಡಾಲರ್, ಖಾತೆಗಳಲ್ಲಿದ್ದದ್ದು ಬಡ್ಡಿಯೂ ಸೇರಿ 65.8 ಕೋಟಿ ಡಾಲರ್. ವ್ಯತ್ಯಾಸಕ್ಕೆ ವಿವರಣೆ ಸಿಗದ ಕಾರಣ ಹಣ ಸರ್ಕಾರದ ಪಾಲಾಯಿತು. ಅದರಲ್ಲಿ 1,000 ಕೋಟಿ ಪೆಸೊವನ್ನು 2013ರ ಕಾನೂನು ಮಾರ್ಷಲ್ ಲಾ ಸಂತ್ರಸ್ತರಿಗೆ ಮೀಸಲಿಟ್ಟಿತು. 11,103 ಮಂದಿಯ ಅರ್ಜಿ ಮಂಜೂರಾಯಿತು.

ಸಲೋಂಗಾ 2016ರ ಮಾರ್ಚ್‌ನಲ್ಲಿ ತೀರಿಕೊಂಡರು. 2019ರ ಡಿಸೆಂಬರ್‌ನಲ್ಲಿ ಸಂದಿಗನ್‌ಬಾಯನ್ 20,000 ಕೋಟಿ ಪೆಸೊ ಮೊತ್ತದ ದಾವೆಯನ್ನು ವಜಾ ಮಾಡಿತು. ಮುಖ್ಯ ಕಾರಣ, ಸಲ್ಲಿಸಿದ ಬಹುಪಾಲು ದಾಖಲೆಗಳು ಜೆರಾಕ್ಸ್. ಅಲ್ಲಿನ ಸಾಕ್ಷ್ಯ ನಿಯಮದಂತೆ ಮೂಲ ಪ್ರತಿಯನ್ನೇ ಒಪ್ಪಿಸಬೇಕು. ಇಲ್ಲದಿದ್ದರೆ ಅದು ಇತ್ತೆಂದು, ಕಳೆದುಹೋಯಿತೆಂದು, ಹುಡುಕಿದರೂ ಸಿಗಲಿಲ್ಲವೆಂದು ಮೊದಲು ಸಾಬೀತುಮಾಡಬೇಕು. 32 ವರ್ಷ ನಡೆದ ಕೇಸಿನಲ್ಲಿ ಆ ಕೆಲಸ ಆಗಿರಲಿಲ್ಲ.