ತಂಡ ಊರು ಬಿಟ್ಟರೆ ಗೆದ್ದ ಕಪ್ ಯಾರದ್ದು?

2025ರ ಜೂನ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡ ಇಂಡಿಯಾನ ಪೇಸರ್ಸ್ ತಂಡವನ್ನು ಏಳನೇ ಪಂದ್ಯದಲ್ಲಿ ಸೋಲಿಸಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಚಾಂಪಿಯನ್ ಆಯಿತು. ಆ ಊರಿನವರಿಗೆ ಅದು ಮೊದಲ ಗೆಲುವು. ಲೀಗಿನ ದಾಖಲೆಯಲ್ಲಿ ಮಾತ್ರ ಎರಡನೆಯದು. ಮೊದಲನೆಯದನ್ನು ಗೆದ್ದದ್ದು 1979ರಲ್ಲಿ, ತಂಡ ಸಿಯಾಟಲ್‌ನಲ್ಲಿದ್ದಾಗ. ಆಗ ಅದರ ಹೆಸರು ಸೂಪರ್‌ಸಾನಿಕ್ಸ್. 2008ರಲ್ಲಿ ತಂಡ ಸಿಯಾಟಲ್ ಬಿಟ್ಟಿತು. ಹಾಗಾದರೆ 1979ರ ಕಪ್ ಯಾರದ್ದು?

ಕ್ರೀಡಾ ಕರಾರುಗಳನ್ನು ಬರೆಯುವುದು ನನ್ನ ವೃತ್ತಿ. ಇಂಥ ಪ್ರಶ್ನೆ ಬಂದಾಗ ನಾನು ಮೊದಲು ನೋಡುವುದು ಟ್ರೋಫಿಯನ್ನಲ್ಲ, ಕ್ರೀಡಾಂಗಣದ ಲೀಸನ್ನು. ತಂಡ ಹೊರಟ ದಿನ ಲೀಸು ಇನ್ನೂ ಎಷ್ಟು ವರ್ಷ ಬಾಕಿ ಇತ್ತು ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಮೂಲ ನಿಯಮ ಸರಳ. ಅಮೆರಿಕದ ಲೀಗ್‌ಗಳಲ್ಲಿ ಕಪ್ ಊರಿನ ಹೆಸರಿಗೆ ಇರುವುದಿಲ್ಲ. ಲೀಗಿನಲ್ಲಿ ಮಾಲೀಕರಿಗಿರುವ ಸದಸ್ಯತ್ವಕ್ಕೆ, ಅಂದರೆ ಫ್ರಾಂಚೈಸಿಗೆ ಅದು ಸೇರಿರುತ್ತದೆ. ಫ್ರಾಂಚೈಸಿ ಹೋದಲ್ಲಿಗೆ ದಾಖಲೆಯೂ ಹೋಗುತ್ತದೆ. ಲಾಸ್ ಏಂಜಲೀಸ್ ಲೇಕರ್ಸ್ ಲೆಕ್ಕ ಹೇಳುವ 17 ಚಾಂಪಿಯನ್‌ಶಿಪ್‌ಗಳಲ್ಲಿ ಐದು ಮಿನಿಯಾಪೊಲಿಸ್‌ನಲ್ಲಿದ್ದಾಗ ಗೆದ್ದವು. 1960ರಲ್ಲಿ ತಂಡ ಹೊರಟಾಗ ಆ ಐದೂ ಜೊತೆಗೇ ಹೋದವು.

ಈ ನಿಯಮದಿಂದ ಜಾಸ್ತಿ ನೋವುಂಡ ಊರು ಬಾಲ್ಟಿಮೋರ್. ಅಲ್ಲಿನ ಕೋಲ್ಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ 1958 ಮತ್ತು 1959ರಲ್ಲಿ ಚಾಂಪಿಯನ್ ಆಗಿತ್ತು. 1984ರ ಮಾರ್ಚ್‌ನಲ್ಲಿ ಮೇರಿಲ್ಯಾಂಡ್ ರಾಜ್ಯ ಒಂದು ಕಾನೂನು ತರಲು ಹೊರಟಿತು. ರಸ್ತೆಗೆ ಜಮೀನು ತೆಗೆದುಕೊಳ್ಳುವ ಹಾಗೆ ಪರಿಹಾರ ಕೊಟ್ಟು ತಂಡವನ್ನೇ ವಶಕ್ಕೆ ಪಡೆಯುವುದು ಅದರ ಉದ್ದೇಶ. ಅದು ಜಾರಿಯಾಗುವ ಮೊದಲೇ ಮಾಲೀಕ ರಾಬರ್ಟ್ ಇರ್ಸೇ ಲಾರಿಗಳನ್ನು ತರಿಸಿ, ರಾತ್ರೋರಾತ್ರಿ ಸಾಮಾನನ್ನೆಲ್ಲ ಇಂಡಿಯಾನಾಪೊಲಿಸ್‌ಗೆ ಸಾಗಿಸಿಬಿಟ್ಟರು. ನಗರ ಕೋರ್ಟಿಗೆ ಹೋಯಿತು. ನೀವು ವಶಕ್ಕೆ ಪಡೆಯಲು ಬಂದಾಗ ತಂಡ ಈ ರಾಜ್ಯದಲ್ಲೇ ಇರಲಿಲ್ಲ ಎಂದು ಫೆಡರಲ್ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಿತು. ಹೆಸರು, ಹೆಲ್ಮೆಟ್ ಮೇಲಿನ ಕುದುರೆ ಲಾಳ, ಗೆಲುವಿನ ದಾಖಲೆ ಎಲ್ಲವೂ ಹೋದವು. ಆ ಗೆಲುವುಗಳನ್ನು ತಂದುಕೊಟ್ಟ ಆಟಗಾರ ಜಾನಿ ಯುನೈಟಸ್ ಹೊಸ ಊರಿನ ತಂಡವನ್ನು ತನ್ನದೆಂದು ಒಪ್ಪಲೇ ಇಲ್ಲ. ದಾಖಲೆ ಪುಸ್ತಕದಲ್ಲಿ ಅವರ ಹೆಸರು ಇವತ್ತಿಗೂ ಇಂಡಿಯಾನಾಪೊಲಿಸ್ ತಂಡದ ಚರಿತ್ರೆಯಲ್ಲೇ ಇದೆ.

ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಟಿಕೆಟ್ ಕೊಂಡವರು, ಕ್ರೀಡಾಂಗಣಕ್ಕೆ ತೆರಿಗೆ ಕಟ್ಟಿದವರು, ಮಳೆ ಚಳಿಯಲ್ಲಿ ಕೂತು ಕೂಗಿದವರು ಆ ಊರಿನ ಜನ ಅಲ್ವಾ? ಆದರೆ ಕರಾರಿನಲ್ಲಿ ಬರೆಯದ ನ್ಯಾಯವನ್ನು ಕೋರ್ಟು ತಾನಾಗಿ ಕೊಡುವುದಿಲ್ಲ.

ಕ್ಲೀವ್‌ಲ್ಯಾಂಡ್‌ನಲ್ಲಿ ಕಥೆ ಬೇರೆ ಆಯಿತು. 1995ರ ನವೆಂಬರ್‌ನಲ್ಲಿ ಅದೇ ಫುಟ್‌ಬಾಲ್ ಲೀಗಿನ ಬ್ರೌನ್ಸ್ ತಂಡದ ಮಾಲೀಕ ಆರ್ಟ್ ಮೋಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಹೇಳಿದರು. ಹೌದು, ಅದೇ ಬಾಲ್ಟಿಮೋರ್‌ಗೆ. ಆದರೆ ಕ್ರೀಡಾಂಗಣದ ಲೀಸು 1998ರವರೆಗೆ ಇತ್ತು. ನಗರ ದಾವೆ ಹೂಡಿ ತಡೆಯಾಜ್ಞೆ ತಂದಿತು. ಮುಂದಿನ ಫೆಬ್ರುವರಿಯಲ್ಲಿ ರಾಜಿಯಾಯಿತು. ಆಟಗಾರರ ಕರಾರುಗಳು ಮಾಲೀಕರ ಜೊತೆ ಹೋದವು. ಬ್ರೌನ್ಸ್ ಹೆಸರು, ಬಣ್ಣ, 1964ರ ಚಾಂಪಿಯನ್‌ಶಿಪ್ ಸೇರಿ ಇಡೀ ಚರಿತ್ರೆ ಕ್ಲೀವ್‌ಲ್ಯಾಂಡ್‌ನಲ್ಲೇ ಉಳಿಯಿತು. 1999ರಲ್ಲಿ ಹೊಸ ಆಟಗಾರರೊಂದಿಗೆ ಬ್ರೌನ್ಸ್ ಮತ್ತೆ ಮೈದಾನಕ್ಕಿಳಿಯಿತು. ಬಾಲ್ಟಿಮೋರ್‌ಗೆ ಹೋದ ತಂಡವನ್ನು 1996ರಲ್ಲಿ ಹುಟ್ಟಿದ ರೇವನ್ಸ್ ಎಂದೇ ಲೀಗ್ ಎಣಿಸುತ್ತದೆ. ಅದೇ ಲೀಗ್, ಬರೀ ಹನ್ನೆರಡು ವರ್ಷದ ಅಂತರ, ಪೂರ್ತಿ ಉಲ್ಟಾ ಫಲಿತಾಂಶ. ಲೀಸಿನಲ್ಲಿ ಬಾಕಿ ಇದ್ದ ಮೂರು ಸೀಸನ್‌ಗಳೇ ಕ್ಲೀವ್‌ಲ್ಯಾಂಡ್‌ನ ಕೈಯಲ್ಲಿದ್ದ ಅಸ್ತ್ರ.

ಸಿಯಾಟಲ್‌ನದು ನಡುವಿನ ದಾರಿ. ಅಲ್ಲೂ ಲೀಸು 2010ರವರೆಗೆ ಇತ್ತು. ಕೋರ್ಟಿನ ತೀರ್ಪು ಬರಲು ಕೆಲವೇ ಗಂಟೆ ಇದ್ದಾಗ ಎರಡೂ ಕಡೆಯವರು 4.5 ಕೋಟಿ ಡಾಲರ್‌ಗೆ ರಾಜಿಯಾದರು. ಸೂಪರ್‌ಸಾನಿಕ್ಸ್ ಹೆಸರು ಮತ್ತು ಬಣ್ಣ ಮುಂದೆ ಸಿಯಾಟಲ್‌ಗೆ ಬರುವ ತಂಡಕ್ಕೆ ಮೀಸಲಾದವು. ಚರಿತ್ರೆ ಮಾತ್ರ ಇಬ್ಬರಿಗೂ ಸೇರಿದ್ದು ಎಂದಾಯಿತು. ಅದಕ್ಕೇ 1979ರ ಕಪ್ ಲೆಕ್ಕದಲ್ಲಿ ಥಂಡರ್‌ನದು, ಆದರೆ ಅವರ ಕ್ರೀಡಾಂಗಣದಲ್ಲಿ ಅದರ ಬ್ಯಾನರ್ ಇಲ್ಲ. ಇಂಥ ಹಂಚಿಕೆಯ ಮಾತನ್ನು ನಾನು ಕರಾರಿನಲ್ಲಿ ಬರೆಯುವುದಿಲ್ಲ. ಎರಡನೇ ತಂಡ ಬಂದ ದಿನವೇ ಜಗಳ ಶುರುವಾಗುತ್ತದೆ.

ಲೀಸು ಮುಗಿಯುವ ಹೊತ್ತಿಗೆ ಮಾತಿಗೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಓಕ್ಲೆಂಡ್ ಇದೆ. ಬೇಸ್‌ಬಾಲ್‌ನ ಅಥ್ಲೆಟಿಕ್ಸ್ ತಂಡದ ಲೀಸು 2024ಕ್ಕೆ ಮುಗಿಯಿತು, ಮುಂದುವರಿಸುವ ಮಾತುಕತೆ ಮುರಿದುಬಿತ್ತು. ತಂಡ ಓಕ್ಲೆಂಡ್‌ನಲ್ಲಿ ಗೆದ್ದ ನಾಲ್ಕು ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಚಾಂಪಿಯನ್‌ಶಿಪ್‌ಗಳ ಜೊತೆಗೆ ಫಿಲಡೆಲ್ಫಿಯಾದಲ್ಲಿ ಗೆದ್ದ ಐದನ್ನೂ ಹೊತ್ತುಕೊಂಡು ಹೋಯಿತು.

ಲೀಸಿನ ಬಲವಿಲ್ಲದೆ ಅಭಿಮಾನಿಗಳೇ ಗೆದ್ದದ್ದೂ ಉಂಟು. ಇಂಗ್ಲೆಂಡಿನ ವಿಂಬಲ್ಡನ್ ಫುಟ್‌ಬಾಲ್ (ಸಾಕರ್) ಕ್ಲಬ್ 1988ರಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. 2003ರಲ್ಲಿ ಕ್ಲಬ್ ಮಿಲ್ಟನ್ ಕೀನ್ಸ್‌ಗೆ ಹೋಯಿತು. ಅಷ್ಟರಲ್ಲಿ ಸಿಟ್ಟಾದ ಅಭಿಮಾನಿಗಳು ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದ್ದರು. ದೇಶದ ಅಭಿಮಾನಿ ಸಂಘಟನೆಗಳೂ ಅವರ ಬೆನ್ನಿಗೆ ನಿಂತವು. ಕೊನೆಗೆ 2007ರಲ್ಲಿ ಆ ಕಪ್ಪಿನ ಪ್ರತಿಕೃತಿ ಮತ್ತು ಹಳೇ ಗೌರವಗಳೆಲ್ಲ ವಿಂಬಲ್ಡನ್ ಊರು ಸೇರಿರುವ ಲಂಡನ್ನಿನ ಮರ್ಟನ್ ಸ್ಥಳೀಯ ಆಡಳಿತದ ಕೈ ಸೇರಿದವು.

ನಮ್ಮಲ್ಲಿ ಇದರ ಉಲ್ಟಾ ಉದಾಹರಣೆ ಇದೆ. 2009ರ ಐಪಿಎಲ್ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್‌ಗೆ 4 ವಿಕೆಟ್ ತೆಗೆದರೂ ಬೆಂಗಳೂರು 6 ರನ್‌ಗಳಿಂದ ಸೋತಿತು. ಗೆದ್ದದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. 2012ರಲ್ಲಿ ಆ ಫ್ರಾಂಚೈಸಿಯೇ ರದ್ದಾಯಿತು. ಅದೇ ಊರಿಗೆ ಬಂದ ಸನ್‌ರೈಸರ್ಸ್ ಹೊಸ ಫ್ರಾಂಚೈಸಿ. ಹಾಗಾಗಿ ಅವರ ಲೆಕ್ಕಕ್ಕೆ 2016ರ ಕಪ್ ಒಂದೇ. ಊರು ಅದೇ ಆದರೂ 2009ರ ಕಪ್ಪಿಗೆ ಈಗ ವಾರಸುದಾರರಿಲ್ಲ.

ಭಾರತದಲ್ಲೂ ತಂಡಗಳು ಊರು ಬದಲಿಸುತ್ತಿವೆ. 2019ರಲ್ಲಿ ಐಎಸ್‌ಎಲ್ ಎಂಬ ನಮ್ಮ ಫುಟ್‌ಬಾಲ್ ಲೀಗಿನ ದೆಹಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ದೆಹಲಿ ಲೀಗ್ ಗೆದ್ದಿರಲಿಲ್ಲವಾದ್ದರಿಂದ ಕಪ್ಪಿನ ತಕರಾರು ಏಳಲಿಲ್ಲ. ಸರ್ಕಾರಿ ಕ್ರೀಡಾಂಗಣವನ್ನು ತಂಡವೊಂದಕ್ಕೆ ಬಾಡಿಗೆಗೆ ಕೊಡುವ ಅಧಿಕಾರಿಗಳು ಬಾಡಿಗೆ ದರದ ಜೊತೆಗೆ ನಾಲ್ಕು ಸಾಲು ಜಾಸ್ತಿ ಬರೆಸಬೇಕು. ತಂಡ ಹೋದರೆ ಹೆಸರು ಮತ್ತು ಬಣ್ಣ ಯಾರಿಗೆ, ದಾಖಲೆ ಯಾರಿಗೆ, ಟ್ರೋಫಿಗಳು ಎಲ್ಲಿರಬೇಕು, ಇವನ್ನು ಬೇರೆ ಬೇರೆ ಷರತ್ತುಗಳಾಗಿಯೇ ಬರೆಯಬೇಕು. ಲೀಗಿನ ಸಹಿಯೂ ಅದರಲ್ಲಿ ಬೇಕು, ಯಾಕೆಂದರೆ ದಾಖಲೆ ಪುಸ್ತಕ ಇರುವುದು ಲೀಗಿನ ಕೈಯಲ್ಲಿ. ಇದನ್ನು ಕೇಳಬೇಕಾದದ್ದು ತಂಡ ಊರಿಗೆ ಬರುವಾಗ. ಮಾಲೀಕರು ಆಗ ಸುಲಭವಾಗಿ ಒಪ್ಪುತ್ತಾರೆ.