ಒಂದೇ ಕುರ್ಚಿ, ಮೂರು ಸಂಬಳ

ನಮ್ಮ ಸೋದರಮಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದರು. ರಿಟೈರ್ ಆಗಿ ಎಷ್ಟೋ ವರ್ಷವಾದ ಮೇಲೂ ತಮ್ಮ ಪೇ ಸ್ಕೇಲನ್ನು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದರು: 2200-75-2800-ಇಬಿ-100-4000. ಮನೆಯ ಫೋನ್ ನಂಬರ್ ಮರೆತರೂ ಇದನ್ನು ಮರೆಯುತ್ತಿರಲಿಲ್ಲ.

ನಾಲ್ಕನೇ ವೇತನ ಆಯೋಗದ ನಂತರ, 1986ರಿಂದ, ಕೇಂದ್ರದ ಗ್ರೂಪ್ ‘ಎ’ ಅಧಿಕಾರಿಗಳು ಕೆಲಸಕ್ಕೆ ಸೇರುತ್ತಿದ್ದ ಸ್ಕೇಲ್ ಇದು. ಓದುವುದು ಸುಲಭ. ಶುರು 2200 ರೂಪಾಯಿ. ವರ್ಷಕ್ಕೆ 75ರಂತೆ ಏರಿದರೆ 8 ವರ್ಷಕ್ಕೆ 2800. ಅಲ್ಲೊಂದು ಗೇಟು. ಇಬಿ ಅಂದರೆ ಎಫಿಶಿಯೆನ್ಸಿ ಬಾರ್. ‘ಈ ಮನುಷ್ಯ ಕೆಲಸ ಮಾಡ್ತಾನೆ, ಮುಂದೆ ಬಿಡಬಹುದು’ ಎಂದು ಮೇಲಿನವರು ಒಪ್ಪಿದರೆ ಮಾತ್ರ ಗೇಟು ತೆರೆಯುತ್ತಿತ್ತು. ಆಮೇಲೆ ವರ್ಷಕ್ಕೆ 100ರಂತೆ ಇನ್ನು 12 ವರ್ಷ. 4000 ಮುಟ್ಟಿದರೆ ಮುಗಿಯಿತು. 20 ವರ್ಷದ ನೌಕರಿ ಒಂದೇ ಸಾಲಿನಲ್ಲಿ!

ಈ ಸಾಲಿನಲ್ಲಿ ಊರಿನ ಹೆಸರಿಲ್ಲ, ಗಮನಿಸಿದಿರಾ? ದೆಹಲಿಯಲ್ಲಿದ್ದರೂ 2200, ದಾವಣಗೆರೆಯಲ್ಲಿದ್ದರೂ 2200. ಊರು ಬರುವುದು ಪೇ ಸ್ಲಿಪ್ಪಿನಲ್ಲಿ ಮೂಲ ವೇತನದ ಕೆಳಗಿನ ಸಾಲುಗಳಲ್ಲಿ, ಭತ್ಯೆಗಳ ರೂಪದಲ್ಲಿ. ಸರ್ಕಾರಿ ಸಂಬಳದಲ್ಲಿ ಹೀಗೆ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತವೆ. ಎಷ್ಟು ವರ್ಷ ಆಯಿತು ಅನ್ನುವುದು ಒಂದು, ಎಲ್ಲಿದ್ದೀರಿ ಅನ್ನುವುದು ಇನ್ನೊಂದು. ಮೊದಲನೆಯದನ್ನು ಒಂದರ ಹಿಂದೊಂದು ಆಯೋಗ ತಿದ್ದಿ ತೀಡಿದೆ. ಎರಡನೆಯದು ಇನ್ನೂ ಒರಟೊರಟಾಗಿಯೇ ಇದೆ ಅನ್ನುವುದು ನನ್ನ ತಕರಾರು.

ಮೊದಲು ವರ್ಷದ ಲೆಕ್ಕ. ಕೇಂದ್ರದ ಮೊದಲ ವೇತನ ಆಯೋಗ ನೇಮಕವಾದದ್ದು 1946ರಲ್ಲಿ. ಶ್ರೀನಿವಾಸ ವರದಾಚಾರಿಯರ್ ಅಧ್ಯಕ್ಷರು. ಮರುವರ್ಷವೇ ವರದಿ ಬಂತು. ಆಗ ಕನಿಷ್ಠ ಸಂಬಳ ತಿಂಗಳಿಗೆ 55 ರೂಪಾಯಿ, ಅದರಲ್ಲಿ 30 ಮೂಲ ವೇತನ, 25 ತುಟ್ಟಿಭತ್ಯೆ. ಅಲ್ಲಿಂದ ಸುಮಾರು 10 ವರ್ಷಕ್ಕೊಮ್ಮೆ ಆಯೋಗ ಬರುತ್ತಲೇ ಇದೆ. 2016ರಿಂದ ಜಾರಿಯಾದ ಏಳನೆಯದು ಕನಿಷ್ಠ ಸಂಬಳವನ್ನು 18,000ಕ್ಕೆ ತಂದಿತು.

ಹಳೆಯ ಸ್ಕೇಲುಗಳಲ್ಲಿ ಒಂದು ಸಣ್ಣ ಮೋಸ ಇತ್ತು. ಇನ್‌ಕ್ರಿಮೆಂಟ್ ರೂಪಾಯಿ ಲೆಕ್ಕದಲ್ಲಿ ಇರುತ್ತಿತ್ತು. ನಮ್ಮ ಮಾವನ ಸ್ಕೇಲು ಐದನೇ ಆಯೋಗದಲ್ಲಿ 8000-275-13500 ಆಯಿತು. ಇಬಿ ಗೇಟು ಹೋಯಿತು, ಒಳ್ಳೆಯದೇ. ಆದರೆ 8000ಕ್ಕೆ 275 ಅಂದರೆ ಶೇ 3.4. ಅದೇ 275 ರೂಪಾಯಿ 13 ಸಾವಿರದವನ ಕೈಗೆ ಬಂದಾಗ ಶೇ 2ರ ಆಸುಪಾಸು. ವಯಸ್ಸಾದಂತೆ, ಮಕ್ಕಳ ಫೀಸು, ಮದುವೆ ಖರ್ಚು ಏರಿದಂತೆ, ಇನ್‌ಕ್ರಿಮೆಂಟ್ ಮಾತ್ರ ಕುಗ್ಗುತ್ತಾ ಹೋಗುತ್ತಿತ್ತು.

ಇದನ್ನು ಸರಿ ಮಾಡಿದ್ದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆರನೇ ಆಯೋಗ. ವರ್ಷಕ್ಕೆ ಶೇ 2.5 ಅಂದಿತು, ಸರ್ಕಾರ ಅದನ್ನು ಎಲ್ಲರಿಗೂ ಶೇ 3 ಮಾಡಿತು. ಜೊತೆಗೆ ಆಯೋಗ ಪೇ ಬ್ಯಾಂಡ್ (ಹಲವು ಸ್ಕೇಲ್ ಸೇರಿಸಿದ ಪಟ್ಟಿ), ಗ್ರೇಡ್ ಪೇ (ದರ್ಜೆಗೆ ತಕ್ಕ ಹೆಚ್ಚುವರಿ ಮೊತ್ತ) ಎಂಬ ಹೊಸ ಗೋಜಲನ್ನೂ ತಂದಿಟ್ಟಿತು. ಕಚೇರಿಗಳಲ್ಲಿ ‘ನಿಮ್ಮ ಗ್ರೇಡ್ ಪೇ ಎಷ್ಟು ಸಾರ್?’ ಅನ್ನುವುದು ಜಾತಿ ಕೇಳಿದಷ್ಟೇ ಸೂಕ್ಷ್ಮ ಪ್ರಶ್ನೆಯಾಗಿದ್ದ ಕಾಲ ಅದು.

ನ್ಯಾಯಮೂರ್ತಿ ಎ.ಕೆ. ಮಾಥುರ್ ಅವರ ಏಳನೇ ಆಯೋಗ ಗ್ರೇಡ್ ಪೇ ತೆಗೆದುಹಾಕಿ ಒಂದು ದೊಡ್ಡ ಕೋಷ್ಟಕ ಮಾಡಿತು. ಅದೇ ಪೇ ಮ್ಯಾಟ್ರಿಕ್ಸ್. ಅಡ್ಡಕ್ಕೆ ಲೆವೆಲ್, ಅಂದರೆ ಹುದ್ದೆಯ ದರ್ಜೆ. ಒಂದೊಂದು ಲೆವೆಲ್ ಕೆಳಗೂ ಉದ್ದಕ್ಕೆ ಮನೆಗಳ ಕಂಬ. ಪ್ರತಿ ವರ್ಷ ಒಂದು ಮನೆ ಕೆಳಗೆ ಇಳಿಯಬೇಕು. ಬಡ್ತಿ ಬಂದರೆ ಬಲಕ್ಕೆ ಸರಿಯಬೇಕು. ಸರ್ಕಾರದಲ್ಲಿ ಕೆಳಗಿಳಿದರೆ ಸಂಬಳ ಏರುವ ಜಾಗ ಇದೊಂದೇ ಇರಬೇಕು.

ಲೆವೆಲ್ 14 ತೆಗೆದುಕೊಳ್ಳಿ. ದೆಹಲಿಯ ಜಂಟಿ ಕಾರ್ಯದರ್ಶಿ, ರೈಲ್ವೆಯ ವಿಭಾಗೀಯ ವ್ಯವಸ್ಥಾಪಕ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಜ್ಞಾನಿ ‘ಜಿ’ ಎಲ್ಲರೂ ಇದೇ ಕಂಬದಲ್ಲಿದ್ದಾರೆ. ಮೊದಲ ಮನೆ 1,44,200. ಮುಂದಿನದು 1,48,500, ಆಮೇಲೆ 1,53,000, 1,57,600. ಹೀಗೆ 15ನೇ ಮನೆಗೆ 2,18,200. ಮೊದಲ ಇನ್‌ಕ್ರಿಮೆಂಟ್ 4,300 ರೂಪಾಯಿ, ಕೊನೆಯದು 6,400. ಮಾವನ ಕಾಲದ ಮೋಸ ಇಲ್ಲಿಲ್ಲ.

ಆದರೆ ಮೇಲಕ್ಕೆ ಹೋದಷ್ಟೂ ಕಂಬ ಗಿಡ್ಡವಾಗುತ್ತದೆ. ಹೊಸದಾಗಿ ಸೇರುವ ಅಧಿಕಾರಿಯ ಲೆವೆಲ್ 10ರಲ್ಲಿ 40 ಮನೆ. ಲೆವೆಲ್ 14ರಲ್ಲಿ 15. ಲೆವೆಲ್ 15ರಲ್ಲಿ 8. ಲೆವೆಲ್ 16ರಲ್ಲಿ ಬರೀ 4. ಲೆವೆಲ್ 17, ಅಂದರೆ ಕೇಂದ್ರ ಸರ್ಕಾರದ ಕಾರ್ಯದರ್ಶಿ: ಒಂದೇ ಮನೆ, 2,25,000. ಸಂಪುಟ ಕಾರ್ಯದರ್ಶಿಗೆ 2,50,000. ಇವರಿಗೆ ವಾರ್ಷಿಕ ಇನ್‌ಕ್ರಿಮೆಂಟೇ ಇಲ್ಲ. ಇದು ಇವತ್ತು ಶುರುವಾದ ಪದ್ಧತಿಯಲ್ಲ. 1986ರಲ್ಲೂ ಕಾರ್ಯದರ್ಶಿಗೆ 8,000 ಅಂತ ಒಂದೇ ಅಂಕಿ. 1996ರಲ್ಲಿ 26,000, 2006ರಲ್ಲಿ 80,000. ಆ ಮುಚ್ಚಳದ ಕೆಳಗೆ ಉಳಿದವರೆಲ್ಲ ಒತ್ತೊತ್ತಾಗಿ ನಿಂತಿದ್ದಾರೆ. ಲೆವೆಲ್ 16ರ ಕೊನೆಯ ಮನೆ 2,24,400. ಅಲ್ಲಿಂದ ಕಾರ್ಯದರ್ಶಿಯಾಗಿ ಬಡ್ತಿ ಸಿಕ್ಕರೆ ಮೂಲ ವೇತನ ಏರುವುದು 600 ರೂಪಾಯಿ. ಜವಾಬ್ದಾರಿ ಎಷ್ಟು ಏರುತ್ತದೆ ಅಂತ ಕೇಳಬೇಡಿ.

ಇನ್‌ಕ್ರಿಮೆಂಟಿನ ಇನ್ನೊಂದು ಹಳೆಯ ಜಗಳ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ವರ್ಷಪೂರ್ತಿ ದುಡಿದು, ಇನ್‌ಕ್ರಿಮೆಂಟ್ ಬರುವ ಹಿಂದಿನ ದಿನ ನಿವೃತ್ತಿಯಾದರೆ ಆ ಒಂದು ಮೆಟ್ಟಿಲು ಸಿಗಬೇಕಾ ಬೇಡವಾ? ಒಂದೇ ಒಂದು ದಿನದ ಪ್ರಶ್ನೆ. ಆದರೆ ಪಿಂಚಣಿ ಸಾಯುವ ತನಕ ಬರುವಂಥದ್ದು, ಹಾಗಾಗಿ ಆ ಒಂದು ದಿನದ ಬೆಲೆ ಜಾಸ್ತಿ. ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ನೌಕರರ ಪ್ರಕರಣದಲ್ಲಿ 2023ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು: ದುಡಿದ ವರ್ಷಕ್ಕೆ ಸಿಗುವ ಇನ್‌ಕ್ರಿಮೆಂಟ್ ಅದು, ಮರುದಿನ ಕೆಲಸದಲ್ಲಿಲ್ಲ ಅನ್ನುವ ಕಾರಣಕ್ಕೆ ತಪ್ಪಿಸುವಂತಿಲ್ಲ.

ಇನ್ನು ಊರಿನ ಲೆಕ್ಕಕ್ಕೆ ಬರೋಣ.

ಇಲ್ಲಿ ಮುಖ್ಯ ಪಾತ್ರ ಮನೆ ಬಾಡಿಗೆ ಭತ್ಯೆಯದ್ದು, ಎಲ್ಲರ ಬಾಯಲ್ಲಿ ಎಚ್‌ಆರ್‌ಎ. ತುಟ್ಟಿಭತ್ಯೆ ದೇಶಕ್ಕೆಲ್ಲ ಒಂದೇ, ಅದಕ್ಕೆ ಊರಿನ ಹಂಗಿಲ್ಲ. ಐದನೇ ಆಯೋಗದ ಕಾಲದಲ್ಲಿ ಊರುಗಳಿಗೆ ಎ-1, ಎ, ಬಿ-1, ಬಿ-2, ಸಿ ಎಂದು ದರ್ಜೆ ಇತ್ತು. ಯಾವ ದರ್ಜೆಗೂ ಸೇರದ ಊರುಗಳು ಬೇರೆ. ಎ-1ಕ್ಕೆ ಮೂಲ ವೇತನದ ಶೇ 30, ನಡುವಿನ ಮೂರಕ್ಕೂ ಶೇ 15, ಸಿಗೆ ಶೇ 7.5, ಉಳಿದವಕ್ಕೆ ಶೇ 5. ಆರನೇ ಆಯೋಗ ಇಷ್ಟನ್ನೂ ಎಕ್ಸ್, ವೈ, ಝಡ್ ಎಂಬ ಮೂರು ಅಕ್ಷರಕ್ಕೆ ಇಳಿಸಿತು. ಶೇ 30, 20, 10. ಜನಸಂಖ್ಯೆ 50 ಲಕ್ಷ ದಾಟಿದರೆ ಎಕ್ಸ್, 5 ಲಕ್ಷ ದಾಟಿದರೆ ವೈ, ಉಳಿದ ಭಾರತವೆಲ್ಲ ಝಡ್. ಕೇಂದ್ರದವರಿಗಿದ್ದ ನಗರ ಪರಿಹಾರ ಭತ್ಯೆ ಆಗಲೇ ಸಾರಿಗೆ ಭತ್ಯೆಯೊಳಗೆ ಕರಗಿತು.

ಏಳನೇ ಆಯೋಗ ಇದನ್ನು ಶೇ 24, 16, 8ಕ್ಕೆ ಇಳಿಸಿತು. ನೌಕರರ ಸಂಘಗಳು ಕೂಗಾಡಿದವು. ಸರ್ಕಾರ ಒಂದು ದಾರಿ ಹುಡುಕಿತು: ತುಟ್ಟಿಭತ್ಯೆ ಶೇ 25 ದಾಟಿದರೆ 27, 18, 9, ಶೇ 50 ಮುಟ್ಟಿದರೆ ಮತ್ತೆ 30, 20, 10. ಭತ್ಯೆಗಳ ಆದೇಶ ಜಾರಿಯಾದದ್ದು 2017ರ ಜುಲೈನಲ್ಲಿ. ಕೋವಿಡ್ ಕಾಲದಲ್ಲಿ ತುಟ್ಟಿಭತ್ಯೆ ಒಂದೂವರೆ ವರ್ಷ ನಿಂತುಹೋದದ್ದರಿಂದ ಮೊದಲ ಮೆಟ್ಟಿಲು 2021ರ ಜುಲೈಗೆ ಬಂತು, ಎರಡನೆಯದು 2024ರ ಜನವರಿಗೆ. ಇಷ್ಟೆಲ್ಲ ಸುತ್ತಿ ಶುರುವಾದ ಕಡೆಗೇ ಬಂದು ನಿಂತಂತಾಯಿತು!

ಕೈಗೆ ಬರುವುದು ಎಷ್ಟು ಅಂತ ನೋಡೋಣ. ಲೆವೆಲ್ 14ರ ಮೊದಲ ಮನೆಯಲ್ಲಿರುವ ವಿಜ್ಞಾನಿ ‘ಜಿ’ ಒಬ್ಬರಿದ್ದಾರೆ ಅಂದುಕೊಳ್ಳಿ. ಬೆಂಗಳೂರಿನ ಲ್ಯಾಬಿನಲ್ಲಿದ್ದರೆ ಎಚ್‌ಆರ್‌ಎ 43,260. ಮೈಸೂರಾದರೆ 28,840. ಚಳ್ಳಕೆರೆಯ ಪರೀಕ್ಷಾ ಕೇಂದ್ರಕ್ಕೆ ಹಾಕಿದರೆ 14,420. ಅದೇ ಮನುಷ್ಯ, ಅದೇ ಅನುಭವ. ಸಾರಿಗೆ ಭತ್ಯೆಯಲ್ಲೂ ಬೆಂಗಳೂರಿಗೆ ದೊಡ್ಡ ನಗರದ ದರ 7,200, ಕರ್ನಾಟಕದ ಬೇರೆಲ್ಲ ಊರಿಗೆ 3,600, ಅದರ ಮೇಲೆ ತುಟ್ಟಿಭತ್ಯೆ. ಇದೇ ವಿಜ್ಞಾನಿ 15ನೇ ಮನೆಗೆ ಬರುವ ಹೊತ್ತಿಗೆ ಬೆಂಗಳೂರು-ಚಳ್ಳಕೆರೆ ನಡುವಿನ ಎಚ್‌ಆರ್‌ಎ ಅಂತರ ತಿಂಗಳಿಗೆ 43,640 ರೂಪಾಯಿ ಆಗಿರುತ್ತದೆ. ಮೆಟ್ಟಿಲು ಏರಿದಷ್ಟೂ ಊರಿನ ಅಂತರವೂ ಏರುತ್ತದೆ. ಎರಡು ಲೆಕ್ಕಗಳೂ ಒಂದನ್ನೊಂದು ಗುಣಿಸುತ್ತವೆ.

ಹಾಗಂತ ದೊಡ್ಡ ಸಾಹೇಬರೆಲ್ಲ ಇದನ್ನು ನೆನೆದು ನಿದ್ದೆಗೆಡುತ್ತಾರೆ ಅಂದುಕೊಳ್ಳಬೇಡಿ. ನೈರುತ್ಯ ರೈಲ್ವೆಯ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳ ಮುಖ್ಯಸ್ಥರನ್ನೇ ನೋಡಿ. ಅವರ ವಾಸ ರೈಲ್ವೆ ಬಂಗಲೆಯಲ್ಲಿ. ಸರ್ಕಾರಿ ಕ್ವಾರ್ಟರ್ಸ್ ಸಿಕ್ಕರೆ ಎಚ್‌ಆರ್‌ಎ ಪೂರ್ತಿ ಕಟ್. ಎಕ್ಸ್ ಆದರೇನು, ಝಡ್ ಆದರೇನು! ಬಾಡಿಗೆ ಮನೆಯ ಬಿಸಿ ತಟ್ಟುವುದು ಕ್ವಾರ್ಟರ್ಸ್ ಸಿಗದ ನಡುವಿನವರಿಗೆ.

ದುಬಾರಿ ಊರಿಗೆ ಮಾತ್ರ ಹೆಚ್ಚು ಹಣ ಅಂತಲೂ ಇಲ್ಲ. ಬದುಕುವುದೇ ಕಷ್ಟವಾದ ಜಾಗಕ್ಕೂ ಭತ್ಯೆ ಇದೆ. ಅದರ ತುದಿಯಲ್ಲಿರುವುದು ಸಿಯಾಚಿನ್. ಅಲ್ಲಿನ ಅಧಿಕಾರಿಗಳಿಗೆ 2017ರಲ್ಲಿ ತಿಂಗಳಿಗೆ 42,500, ಯೋಧರಿಗೆ 30,000 ನಿಗದಿಯಾಯಿತು.

ರಾಜ್ಯ ಸರ್ಕಾರದ್ದು ಬೇರೆ ದಾರಿ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ 27,000, ಗರಿಷ್ಠ 2,41,200. ಎಚ್‌ಆರ್‌ಎ ಶೇ 24, 16, 8 ಇದ್ದದ್ದು 20, 15, 7.5ಕ್ಕೆ ಇಳಿಯಿತು. ‘ಬಾಡಿಗೆ ಏರ್ತಿದೆ, ಭತ್ಯೆ ಇಳಿಸ್ತೀರಾ?’ ಅಂತ ಸಿಟ್ಟಾದವರಿಗೆ ಲೆಕ್ಕ ಹೀಗೆ: ಹಳೆಯ 100 ರೂಪಾಯಿ ಮೂಲ ವೇತನ, ತುಟ್ಟಿಭತ್ಯೆ ಮತ್ತು ಹೊಸ ಏರಿಕೆ ಸೇರಿಕೊಂಡು 158.50 ಆಗಿದೆ. 100ಕ್ಕೆ ಶೇ 24 ಅಂದರೆ 24 ರೂಪಾಯಿ. 158.50ಕ್ಕೆ ಶೇ 20 ಅಂದರೆ 31.70. ಶೇಕಡಾ ಇಳಿದರೂ ರೂಪಾಯಿ ಏರಿದೆ. ಆದರೂ ಒಂದೇ ಬೀದಿಯಲ್ಲಿ ಕೇಂದ್ರದವರಿಗೆ ಶೇ 30, ರಾಜ್ಯದವರಿಗೆ ಶೇ 20. ಮನೆ ಮಾಲೀಕ ಮಾತ್ರ ‘ನೀವು ಸೆಂಟ್ರಲ್ಲಾ, ಸ್ಟೇಟಾ?’ ಅಂತ ಕೇಳಿ ಬಾಡಿಗೆ ಹೇಳುವುದಿಲ್ಲ, ಅಲ್ವಾ?

ನನಗೆ ಒಗ್ಗದಿರುವುದು ಶೇಕಡಾವಾರು ಅಲ್ಲ, ಅಳೆಯುವ ಕೋಲು. ಊರಿನ ದರ್ಜೆ ನಿಲ್ಲುವುದು ಬಾಡಿಗೆಯ ಮೇಲಲ್ಲ, ತಲೆ ಎಣಿಕೆಯ ಮೇಲೆ. ಅದೂ 2011ರ ಜನಗಣತಿ. ಆ ಅಂಕಿ ಹಿಡಿದು 2015ರಲ್ಲಿ ಕೇಂದ್ರ ಪಟ್ಟಿ ಬದಲಿಸಿದಾಗ ಕಲಬುರಗಿ ಝಡ್‌ನಿಂದ ವೈಗೆ ಏರಿತು. ಆ ವರ್ಷದ ಏಪ್ರಿಲ್ 1ರಿಂದ ಅಲ್ಲಿನ ಕೇಂದ್ರ ನೌಕರರ ಎಚ್‌ಆರ್‌ಎ ಶೇ 10ರಿಂದ 20ಕ್ಕೆ ಹಾರಿತು. ಮಾರ್ಚ್ 31ಕ್ಕೂ ಏಪ್ರಿಲ್ 1ಕ್ಕೂ ನಡುವೆ ಕಲಬುರಗಿಯಲ್ಲಿ ಬಾಡಿಗೆ ಎರಡು ಪಟ್ಟೇನೂ ಆಗಿರಲಿಲ್ಲ. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಮೈಸೂರು ಮೊದಲೇ ವೈ ಪಟ್ಟಿಯಲ್ಲಿದ್ದವು.

ಅದೇ ಗಣತಿಯಲ್ಲಿ ದಾವಣಗೆರೆ ನಗರದ ಲೆಕ್ಕ ಸುಮಾರು 4.35 ಲಕ್ಷ. ಹಾಗಾಗಿ ಅದು ಝಡ್‌ನಲ್ಲೇ ಉಳಿಯಿತು, ಬಳ್ಳಾರಿ, ಶಿವಮೊಗ್ಗ, ತುಮಕೂರಿನ ಜೊತೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ, ಕೇಂದ್ರದ ಎಂಟನೇ ಆಯೋಗಕ್ಕೆ ವರದಿ ಕೊಡಲು 18 ತಿಂಗಳ ಗಡುವಿದೆ. ಮುಂದಿನ ಜನಗಣತಿಯ ತಲೆ ಎಣಿಕೆ 2027ಕ್ಕೆ. ಅಲ್ಲಿಯತನಕ ಸರ್ಕಾರಿ ಲೆಕ್ಕದಲ್ಲಿ ದಾವಣಗೆರೆಯ ಜನ 4.35 ಲಕ್ಷವೇ, ಅಲ್ಲಿನ ಕೇಂದ್ರ ನೌಕರರ ಎಚ್‌ಆರ್‌ಎ ಶೇ 10ರ ದರವೇ.